ಸೈಲೆನ್ಸರ್ ವೆಲ್ಡಿಂಗ್ ಕೊಟ್ಟಿಗೆ ಮುಂದೆ ಬೇಡ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಟ್ರ್ಯಾಕ್ಟರ್, ಹಸು, ಸೊಪ್ಪೆ ಬಣವೆ ಮೂರೂ ಒಂದೇ ಅಂಗಳದಲ್ಲಿರುತ್ತವೆ. ಟ್ರ್ಯಾಕ್ಟರಿನ ಹೊಗೆ ಪೈಪು ಬಿರುಕು ಬಿಟ್ಟರೆ ವೆಲ್ಡಿಂಗ್ ಕೂಡ ಅಲ್ಲೇ ನಡೆದುಬಿಡುತ್ತದೆ. ಅದು ಗಂಡಸರ ಕೆಲಸ ಎಂದು ನೀವು ಸುಮ್ಮನಿರಬೇಡಿ. ಅಲ್ಲಿ ಬಿದ್ದ ಒಂದು ಕಬ್ಬಿಣದ ಚೂರು ನಿಮ್ಮ ಹಸುವಿನ ಜೀವ ತೆಗೆಯಬಹುದು.

ಬಿರುಕು ಏಕೆ? ರಿಪೇರಿ ಹೇಗೆ?

ಇಂಜಿನ್ನಿಗೆ ಅಂಟಿಕೊಂಡಿರುವ ಹೊಗೆ ಕೊಳವೆ (ಮ್ಯಾನಿಫೋಲ್ಡ್) ದಿನವೂ ಕಾದು ತಣ್ಣಗಾಗುತ್ತದೆ. ಬೋಲ್ಟು ಸಡಿಲವಾದರೆ ಅದುರಿ ಬಿರುಕು ಬಿಡುತ್ತದೆ. ಪಟಪಟ ಸದ್ದು, ಬಿರುಕಿನ ಸುತ್ತ ಕಪ್ಪು ಮಸಿ ಇದರ ಗುರುತು. ಹಾಗೇ ಬಿಟ್ಟರೆ ಕಿಡಿ ಹಾರಿ ಬಣವೆಗೆ ಬೆಂಕಿ ಬೀಳಬಹುದು. ಮುಚ್ಚಿದ ಜಾಗದಲ್ಲಿ ಮೇವು ಕತ್ತರಿಸಲು ಇಂಜಿನ್ ಓಡಿಸಿದರೆ ವಾಸನೆಯಿಲ್ಲದ ವಿಷಗಾಳಿ ತುಂಬಿ ಜನ, ದನ ಇಬ್ಬರಿಗೂ ಅಪಾಯ.

ಈ ಕೊಳವೆ ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಮಾಮೂಲಿ ವೆಲ್ಡಿಂಗ್ ಕಡ್ಡಿಯಿಂದ ಬೆಸೆದರೆ ತಣ್ಣಗಾಗುವಾಗ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಮಸಿ, ತುಕ್ಕು ಉಜ್ಜಿ ತೆಗೆದು, ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಕೊಳವೆಯನ್ನು ಮೊದಲೇ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಬೆಸೆಯಬೇಕು. ನಂತರ ಬೂದಿ ಅಥವಾ ಒಣ ಮರಳಲ್ಲಿ ಹೂತು ನಿಧಾನವಾಗಿ ತಣಿಸಬೇಕು. ಇದು ಅಂಗಳದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ. ಕೊಳವೆ ಬಿಚ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ಯುವುದೇ ಸರಿ. ರಿಪೇರಿಯೂ ಗಟ್ಟಿ, ಕೊಟ್ಟಿಗೆಯೂ ಕ್ಷೇಮ.

ಹಸುವಿಗೇನು ಅಪಾಯ?

ಹಸು, ಎಮ್ಮೆ ಮೇವನ್ನು ಆರಿಸಿ ತಿನ್ನುವುದಿಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತವೆ. ಸುಟ್ಟುಳಿದ ಕಡ್ಡಿಯ ತುಂಡು, ತಂತಿ, ಮೊಳೆ ಮೇವಿನೊಂದಿಗೆ ಒಳಗೆ ಹೋಗಿ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತವೆ. ಆ ಹೊಟ್ಟೆಯ ಮುಂದೆ ತೆಳುವಾದ ವಪೆ, ಅದರಾಚೆಗೇ ಹೃದಯ. ಹೊಟ್ಟೆ ಹಿಂಡಿದಂತೆಲ್ಲ ಚೂಪಾದ ತುಂಡು ಮುಂದೆ ಸರಿದು ಚುಚ್ಚುತ್ತದೆ. ತುಂಬು ಗಬ್ಬದಲ್ಲಿ, ಕರು ಹಾಕಲು ತಿಣುಕುವಾಗ ಈ ಅಪಾಯ ಹೆಚ್ಚು.

ಈ ಲಕ್ಷಣ ಕಂಡರೆ ತಡ ಮಾಡಬೇಡಿ:

• ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಮೆಲುಕು ನಿಲ್ಲಿಸುವುದು
• ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಲ್ಲುವುದು
• ಮಲಗುವಾಗ, ಇಳಿಜಾರಿನಲ್ಲಿ ಇಳಿಯುವಾಗ ನರಳುವುದು
• ಗಂಗೆದೊಗಲು ಊದಿಕೊಳ್ಳುವುದು, ಕುತ್ತಿಗೆಯ ರಕ್ತನಾಳ ಉಬ್ಬುವುದು

ಮೊದಲ ಮೂರು ಹಂತದಲ್ಲೇ ಕರೆದರೆ ಹೊಟ್ಟೆಗೆ ಅಯಸ್ಕಾಂತ ಬಿಟ್ಟು, ಔಷಧಿ ಕೊಟ್ಟು, ಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಲು ಸಾಧ್ಯ. ಗಂಗೆದೊಗಲು ಊದಿದೆ ಎಂದರೆ ಬಹುಪಾಲು ಹೃದಯಕ್ಕೆ ಪೆಟ್ಟು ಬಿದ್ದಿರುತ್ತದೆ. ಆಗ ಹಸು ಉಳಿಯುವುದು ಅಪರೂಪ. "ಅಜೀರ್ಣ ಇರಬೇಕು, ನಾಲ್ಕು ದಿನ ನೋಡೋಣ" ಎಂದು ಕಾಯಬೇಡಿ.

ಮನೆಯಲ್ಲೇ ವೆಲ್ಡಿಂಗ್ ಮಾಡಿಸಲೇಬೇಕಾದರೆ

• ಬಣವೆ, ಹೊಟ್ಟು, ಡೀಸೆಲ್ ಡಬ್ಬಿಯಿಂದ ಕನಿಷ್ಠ 35 ಅಡಿ ದೂರವಿರಲಿ. ಒಂದೆರಡು ಕೊಡ ನೀರು ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಣ್ಣಿಡಿ.
• ಟ್ರ್ಯಾಕ್ಟರಿನ ಬ್ಯಾಟರಿ ತಂತಿ ಬಿಚ್ಚಿಸಿ.
• ದನಗಳನ್ನು ಬೇರೆ ಕಡೆ ಕಟ್ಟಿ. ಒದ್ದೆ ನೆಲ, ಕಬ್ಬಿಣದ ಗೂಟದ ಮೂಲಕ ಕರೆಂಟು ಹರಿದರೆ ಮನುಷ್ಯರಿಗಿಂತ ಬೇಗ ದನಕ್ಕೆ ಪೆಟ್ಟು.
• ವೆಲ್ಡಿಂಗ್ ಬೆಳಕನ್ನು ನೀವೂ ನೋಡಬೇಡಿ, ಮಕ್ಕಳನ್ನೂ ಬಿಡಬೇಡಿ.
• ಉಳಿದ ಕಡ್ಡಿ ತುಂಡುಗಳನ್ನು ಡಬ್ಬಿಗೆ ಹಾಕಿಸಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ನೆಲದ ಮೇಲೆಲ್ಲ ಆಡಿಸಿ. ಪೊರಕೆಗೆ ಸಿಗದ ಚೂರೂ ಅದಕ್ಕೆ ಅಂಟುತ್ತದೆ. ಗೋದಲಿ, ಮೇವು ಕತ್ತರಿಸುವ ಜಾಗದಲ್ಲೂ ವಾರಕ್ಕೊಮ್ಮೆ ಹೀಗೆ ಮಾಡಿ.

ಅನುಮಾನ ಬಂದ ದಿನವೇ ಸಂಘದ ಕಾರ್ಯದರ್ಶಿಯವರ ಮೂಲಕ ವೈದ್ಯರನ್ನು ಕರೆಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. "ಈಚೆಗೆ ಮನೆಯಲ್ಲಿ ವೆಲ್ಡಿಂಗ್ ಆಗಿತ್ತು" ಎಂಬ ಮಾತನ್ನು ತಪ್ಪದೇ ಹೇಳಿ. ಆ ಒಂದು ಮಾತಿನಿಂದ ನಮಗೆ ರೋಗ ಬೇಗ ಗೊತ್ತಾಗುತ್ತದೆ.