ಇಂಗ್ಲಿಷಿನ ಜೋಡಿಕ್ರಿಯೆಗಳು

ಇಂಗ್ಲಿಷು ಕಲಿಯುವ ನಮ್ಮ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಉದ್ದುದ್ದವಾದ ಶಬ್ದಗಳಿಗೆ ಅಂಜುವರು. ಆದರೆ ಅವುಗಳಿಂದ ಮೋಸಹೋದವರನ್ನು ನಾವು ಕಂಡುದು ಕಡಿಮೆ. ಉದ್ದವಾದ ಶಬ್ದ ಬಂದೊಡನೆ ಹುಡುಗಿಯು ನಿಘಂಟನ್ನು ತೆರೆಯುವಳು, ಅಥವಾ ಉಪಾಧ್ಯಾಯಿನಿಯನ್ನು ಕೇಳುವಳು. 'ಪುಟ್' ಎಂದರೆ ಇಡು, 'ಗಿವ್' ಎಂದರೆ ಕೊಡು, 'ಲುಕ್' ಎಂದರೆ ನೋಡು ಎಂಬುದು ಎಳೆಯ ಮಕ್ಕಳಿಗೂ ತಿಳಿದಿರುವುದರಿಂದ ಅವುಗಳ ವಿಷಯದಲ್ಲಿ ಯಾರನ್ನೂ ಕೇಳಬೇಕೆಂದೇ ತೋರುವುದಿಲ್ಲ. ಈ ಚಿಕ್ಕ ಶಬ್ದಗಳ ಬೆನ್ನಿಗೆ 'ಅಪ್', 'ಆಫ್', 'ಇನ್', 'ಔಟ್' ಎಂಬ ಇನ್ನೂ ಚಿಕ್ಕದೊಂದು ತುಣುಕು ಸೇರಿದೊಡನೆ ಅರ್ಥವು ಎಲ್ಲಿಂದೆಲ್ಲಿಗೋ ಹೋಗಿಬಿಡುವುದು. ಅಪಾಯವಿರುವುದು ಅಲ್ಲಿಯೇ.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಾವು ಅರಸೀಕೆರೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ ನಮ್ಮ ದೊಡ್ಡಮ್ಮನವರನ್ನು ಶಸ್ತ್ರಚಿಕಿತ್ಸೆಗಾಗಿ ಮೈಸೂರಿಗೆ ಕರೆದೊಯ್ದಿದ್ದರು. ಜೊತೆಯಲ್ಲಿ ದೂರದ ನೆಂಟರೊಬ್ಬರು ಮಾತ್ರ ಇದ್ದರು. ಚಿಕಿತ್ಸೆಯ ದಿವಸಕ್ಕೆ ಮನೆಯವರೆಲ್ಲ ರೈಲು ಹತ್ತಬೇಕೆಂದು ಗೊತ್ತಾಗಿತ್ತು. ಹೊರಡುವ ಹಿಂದಿನ ಸಂಜೆ ತಂತಿ ಬಂದಿತು. ತಂತಿಯ ವ್ಯವಸ್ಥೆಯು ೨೦೧೩ರಲ್ಲಿಯೇ ನಿಂತುಹೋದುದರಿಂದ, ತಂತಿಯವನು ಬಾಗಿಲಿಗೆ ಬಂದರೆ ಮನೆಯವರ ಎದೆ ಹೇಗೆ ನಡುಗುತ್ತಿತ್ತೆಂಬುದು ಇಂದಿನ ಹುಡುಗಿಯರಿಗೆ ತಿಳಿಯದು. ಮನೆಯಲ್ಲಿ ಇಂಗ್ಲಿಷು ಬಲ್ಲವರೆಂದರೆ ನಾವೊಬ್ಬರೇ. ಓದಿದೆವು: 'ಆಪರೇಷನ್ ಪುಟ್ ಆಫ್, ಲೆಟರ್ ಫಾಲೋಸ್.' ದೀಪವನ್ನು ಆರಿಸುವುದಕ್ಕೆ ನಮ್ಮ ಸೀಮೆಯಲ್ಲಿ 'ಪುಟ್ ಆಫ್' ಎನ್ನುವವರು ಬಹಳ. ಆದಕಾರಣ ಆರಿತು, ಮುಗಿಯಿತು ಎಂದು ಅರ್ಥಮಾಡಿ, 'ಚಿಕಿತ್ಸೆ ಮುಗಿಯಿತಂತೆ, ಕಾಗದ ಬರೆಯುತ್ತಾರಂತೆ' ಎಂದು ಧೈರ್ಯವಾಗಿ ಸಾರಿದೆವು. ಎಲ್ಲರೂ ನಿಟ್ಟುಸಿರುಬಿಟ್ಟರು. ಕಟ್ಟಿದ್ದ ಗಂಟುಗಳನ್ನು ಬಿಚ್ಚಿದರು. ಯಾರೂ ಮೈಸೂರಿಗೆ ಹೋಗಲಿಲ್ಲ.

ನಾಲ್ಕನೆಯ ದಿನ ಕಾಗದ ಬಂದಿತು. ಚಿಕಿತ್ಸೆಯನ್ನು ಗುರುವಾರಕ್ಕೆ ಮುಂದೂಡಿರುವರು, ಅಷ್ಟರೊಳಗೆ ಎಲ್ಲರೂ ಬಂದು ಸೇರತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಅಂದು ಶುಕ್ರವಾರ. 'ಪುಟ್ ಆಫ್' ಎಂದರೆ ಮುಂದೂಡು ಎಂದು ನಾವು ಕಲಿತದ್ದು ಹೀಗೆ.

ಇಂಥ ಜೋಡಿಗಳನ್ನು ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎನ್ನುವರು. ನಾವು ಇಲ್ಲಿ ಜೋಡಿಕ್ರಿಯೆಗಳೆಂದು ಕರೆಯುವೆವು. ಆ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬವರು ೧೯೨೫ರ ತಮ್ಮ ಗ್ರಂಥದಲ್ಲಿ ಬಳಸಿದರು. ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿಯವರು. ಹೆಸರು ಈಚಿನದಾದರೂ ತೊಂದರೆಯು ಹಳೆಯದು. ೧೭೫೫ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಅಲ್ ಜಾನ್ಸನ್ ಪಂಡಿತನು, ಪರದೇಶದವರಿಗೆ ಬಹಳ ಕಷ್ಟಕೊಡುವ ಭಾಗವಿದೆಂದು ಮುನ್ನುಡಿಯಲ್ಲಿಯೇ ಒಪ್ಪಿಕೊಂಡು, ಇವುಗಳನ್ನು ವಿಶೇಷ ಶ್ರದ್ಧೆಯಿಂದ ಕಲೆಹಾಕಿದುದಾಗಿ ಹೇಳಿರುವನು.

ಆದರೆ ನಮ್ಮ ಹುಡುಗಿಯರು ಈ ವಿಷಯದಲ್ಲಿ ಪೂರಾ ಪರದೇಶಿಗಳೆ? ನಾವು ಹಾಗೆಂದು ಒಪ್ಪುವುದಿಲ್ಲ. ಸಂಸ್ಕೃತ ವ್ಯಾಕರಣದಲ್ಲಿ ಪ್ರಸಿದ್ಧವಾದ ಉದಾಹರಣೆಯೊಂದುಂಟು: 'ಹೃ' ಎಂಬ ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದಾಗುವುವು. ಊಟಕ್ಕೂ ಹೊಡೆತಕ್ಕೂ ಮೂಲ ಒಂದೇ! ಸಂಸ್ಕೃತದಲ್ಲಿ ತುಣುಕು ಮುಂದೆ ಬಂದು ಅಂಟಿಕೊಳ್ಳುವುದು, ಇಂಗ್ಲಿಷಿನಲ್ಲಿ ಹಿಂದೆ ಬಂದು ಬಿಡಿಯಾಗಿ ನಿಲ್ಲುವುದು, ಭೇದ ಇಷ್ಟೆ.

ನಮ್ಮ ಕನ್ನಡವೂ ಇದಕ್ಕೆ ಕಡಿಮೆಯಿಲ್ಲ. 'ಮಗುವನ್ನು ನೋಡಿಕೋ' ಎಂದು ತಾಯಿ ಹೇಳಿದರೆ, ಮಗುವನ್ನು ನೋಡಿ ಕ್ರಯಕ್ಕೆ ಕೊಳ್ಳಬೇಕೆಂದು ಯಾವ ಹುಡುಗಿಯೂ ತಿಳಿಯಳು. ಇಂಗ್ಲಿಷಿನ 'ಲುಕ್ ಆಫ್ಟರ್' ಇದೇ ತಾನೆ? ಇನ್ನು 'ಕೈ' ಎಂಬ ಒಂದು ಮಾತನ್ನು ನೋಡಿರಿ. ಮದುವೆಯಲ್ಲಿ ಕೈಹಿಡಿಯುವರು, ಕಷ್ಟದಲ್ಲಿ ಕೈಬಿಡುವರು; ಕೆಲಸವನ್ನು ಕೈಗೊಳ್ಳುವೆವು, ಅದು ಕೈಗೂಡುವುದು; ಮಳೆ ಕೈಕೊಟ್ಟರೆ ನಮ್ಮ ತೆಂಗಿನ ತೋಟದವರು ಕೈಚೆಲ್ಲಿ ಕೂರುವರು. ಮಳೆಗೆ ಕೈಯೆಲ್ಲಿಯದು? ಕನ್ನಡ ಕಲಿಯಲು ಬಂದ ಯೂರೋಪಿನವರು ಇದರಲ್ಲಿ ಎಷ್ಟು ತಿಣುಕಿರಬೇಡ! ಮಂಗಳೂರಿನಿಂದ ೧೮೯೪ರಲ್ಲಿ ಹೊರಬಿದ್ದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ನೋಡಿದವರಿಗೆ ಆ ಶ್ರಮವು ತಿಳಿಯುವುದು. ಇದೋ, 'ಹೊರಬಿದ್ದ' ಎಂದು ನಾವೇ ಬರೆದೆವು. ಅಷ್ಟು ದಪ್ಪನೆಯ ಗ್ರಂಥವು ಯಾವ ಕಿಟಕಿಯಿಂದ ಬಿದ್ದಿತೆಂದು ನೀವು ಕೇಳಲಿಲ್ಲವಷ್ಟೆ.

ಈಗ ಅರಸೀಕೆರೆಯಿಂದ ಹಳೇಬೀಡು ಬೇಲೂರುಗಳಿಗೆ ಪ್ರವಾಸ ಹೊರಟೆವೆಂದು ಭಾವಿಸಿ, ದಾರಿಯಲ್ಲಿ ಕೆಲವು ಜೋಡಿಕ್ರಿಯೆಗಳನ್ನು ಆಯ್ದುಕೊಳ್ಳೋಣ. ಬೆಳಗ್ಗೆ ಹೊರಡುವುದು 'ಸೆಟ್ ಆಫ್'. ಜಾವಗಲ್ಲಿನ ಹತ್ತಿರ ಬಸ್ಸು ಕೆಟ್ಟು ನಿಂತರೆ 'ಬ್ರೇಕ್ ಡೌನ್'. ಮನುಷ್ಯರು ದುಃಖವನ್ನು ತಡೆಯಲಾರದೆ ಅತ್ತುಬಿಟ್ಟರೂ ಅದೇ ಮಾತು. ಯಂತ್ರಕ್ಕೂ ಮನಸ್ಸಿಗೂ ಒಂದೇ ಕ್ರಿಯೆ. ಬಸ್ಸಿನಿಂದ ಇಳಿಯುವುದಕ್ಕೆ ನಾವೆಲ್ಲರೂ 'ಗೆಟ್ ಡೌನ್' ಎನ್ನುವೆವು; ಇಂಗ್ಲಿಷರ ರೂಢಿಯು 'ಗೆಟ್ ಆಫ್'.

ಹಳೇಬೀಡಿನಲ್ಲಿ 'ಗಿವ್ ಇನ್' ಮತ್ತು 'ಗಿವ್ ಅಪ್' ಎಂಬವುಗಳ ಭೇದವನ್ನು ತಿಳಿಯಬಹುದು. ಪರೀಕ್ಷೆಗಳಲ್ಲಿ ಇವೆರಡನ್ನು ಅದಲುಬದಲು ಮಾಡದ ತರಗತಿಯನ್ನು ನಾವು ಕಂಡಿಲ್ಲ. ೧೩೧೧ರಲ್ಲಿ ಮಲಿಕ್ ಕಾಫೂರನ ಸೈನ್ಯವು ಹೊಯ್ಸಳರ ಈ ರಾಜಧಾನಿಗೆ, ಅಂದಿನ ದ್ವಾರಸಮುದ್ರಕ್ಕೆ, ನುಗ್ಗಿದಾಗ ಮುಮ್ಮಡಿ ಬಲ್ಲಾಳನು ಮಣಿದು ಸಂಪತ್ತನ್ನು ಒಪ್ಪಿಸಿದನು. ಇದು 'ಗಿವ್ ಇನ್'. ಎದುರಾಳಿಯ ಬಲಕ್ಕೆ ತಲೆಬಾಗುವುದು. ಆದರೆ ಆತನು ರಾಜ್ಯದ ಆಸೆಯನ್ನು ಕೈಬಿಡಲಿಲ್ಲ. ಮತ್ತೆ ಸುಮಾರು ಮೂವತ್ತು ವರ್ಷ ಆಳಿ, ಮುಪ್ಪಿನಲ್ಲಿ ಮಧುರೆಯ ಸುಲ್ತಾನನೊಡನೆ ಕಾದು ಸೆರೆಸಿಕ್ಕಿ ಮಡಿದನು. ಕೈಬಿಡುವುದು 'ಗಿವ್ ಅಪ್'. ಬಲ್ಲಾಳನು ಅದನ್ನು ಮಾಡಲಿಲ್ಲ. ಹೊಯ್ಸಳೇಶ್ವರನ ಗುಡಿಯ ಮುಂದೆ ನಿಂತು ಈ ಕಥೆಯನ್ನು ಒಮ್ಮೆ ಕೇಳಿದ ಹುಡುಗಿಯು ಇವೆರಡನ್ನು ಇನ್ನು ಬೆರಸುವುದು ಕಷ್ಟ.

ಬೇಲೂರಿನಲ್ಲಿ 'ಪುಟ್ ಅಪ್' ಎಂಬುದನ್ನು ಹಿಡಿಯೋಣ. ವಿಷ್ಣುವರ್ಧನನು ೧೧೧೭ರಲ್ಲಿ ಚೆನ್ನಕೇಶವನ ದೇವಾಲಯವನ್ನು ಕಟ್ಟಿಸಿದನು. ಎತ್ತಿ ನಿಲ್ಲಿಸುವುದಾದ್ದರಿಂದ ಅದು 'ಪುಟ್ ಅಪ್'. ರಾತ್ರಿ ಛತ್ರದಲ್ಲಿ ಇಳಿದುಕೊಳ್ಳುವುದೂ 'ಪುಟ್ ಅಪ್'. ಛತ್ರದ ಸೊಳ್ಳೆಗಳನ್ನು ಸಹಿಸಿಕೊಳ್ಳುವುದು 'ಪುಟ್ ಅಪ್ ವಿತ್'. ಹಾಗೆಯೇ, ಕಂಬಗಳ ಮೇಲಿನ ಮದನಿಕೆಯರನ್ನು ಕತ್ತೆತ್ತಿ ನೋಡಿದರೆ 'ಲುಕ್ ಅಪ್'. ಮದನಿಕೆ ಎಂಬ ಶಬ್ದವನ್ನು ನಿಘಂಟಿನಲ್ಲಿ ಹುಡುಕಿದರೂ 'ಲುಕ್ ಅಪ್'. ಮೊದಲನೆಯದರಲ್ಲಿ ಕತ್ತು ಮೇಲೆದ್ದಿದೆ, ಎರಡನೆಯದರಲ್ಲಿ ಪುಸ್ತಕದತ್ತ ಬಗ್ಗಿದೆ. ಮಾತಿನ ಸಂದರ್ಭವನ್ನು ಬಿಟ್ಟು ಇದನ್ನು ಬಿಡಿಸುವ ಉಪಾಯವಿಲ್ಲ.

ಹಾಗಾದರೆ ಈ ತುಣುಕುಗಳಿಗೆ ಯಾವ ನಿಯಮವೂ ಇಲ್ಲವೆ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ಇದೆ. 'ಅಪ್' ಎಂಬುದು ಅನೇಕ ಕಡೆಗಳಲ್ಲಿ ಪೂರ್ತಿಯಾಗುವುದನ್ನು ಸೂಚಿಸುವುದು: 'ಈಟ್ ಅಪ್', 'ಡ್ರಿಂಕ್ ಅಪ್'. ನಮ್ಮ 'ಬಿಡು' ಮಾಡುವ ಕೆಲಸವೇ ಇದು, ತಿಂದುಬಿಡು, ಕುಡಿದುಬಿಡು. 'ಆನ್' ಎಂಬುದು ಮುಂದುವರಿಯುವುದನ್ನು ತೋರುವುದು: 'ರೀಡ್ ಆನ್' ಎಂದರೆ ಓದುತ್ತ ಹೋಗು. ಹುಡುಗಿಯು ಕುಳಿತಲ್ಲಿಯೇ ಇದ್ದರೂ ನಾವು 'ಹೋಗು' ಎನ್ನುವೆವಲ್ಲವೆ? ಈ ಸಾಮ್ಯವನ್ನು ಎಲ್ಲ ಕಡೆಯೂ ಎಳೆಯಬಾರದು, ಎಳೆದರೆ ಹರಿಯುವುದು. 'ಕೋಪ್ ವಿತ್' ಎಂಬ ಸರಿಯಾದ ಮಾತಿಗೆ ವೃಥಾ ಒಂದು 'ಅಪ್' ಸೇರಿಸಿ 'ಕೋಪ್ ಅಪ್ ವಿತ್' ಎನ್ನುವ ಪದವೀಧರರು ನಮ್ಮಲ್ಲಿ ಈಗಲೂ ಹೇರಳವಾಗಿರುವರು.

ಶಬ್ದಗಳ ಸ್ಥಾನದ ವಿಷಯವಾಗಿ ಒಂದು ಮಾತು. 'ಪುಟ್ ಆಫ್' ಮೊದಲಾದವುಗಳಲ್ಲಿ ಸರ್ವನಾಮವು ನಡುವೆ ಬರತಕ್ಕದ್ದು: 'ಪುಟ್ ಇಟ್ ಆಫ್' ಎನ್ನಬೇಕು, 'ಪುಟ್ ಆಫ್ ಇಟ್' ಎನ್ನಕೂಡದು. 'ಲುಕ್ ಆಫ್ಟರ್' ಎಂಬುದನ್ನು ಮಾತ್ರ ಬಿಡಿಸಲಾಗದು. 'ಲುಕ್ ಆಫ್ಟರ್ ಹರ್' ಎಂದೇ ಹೇಳಬೇಕು. ಯಾವುದು ಬಿಡುವುದು, ಯಾವುದು ಬಿಡದು ಎಂಬುದಕ್ಕೆ ಕಿವಿಯೇ ಗುರು.

ಆದಕಾರಣ ನೂರು ಜೋಡಿಕ್ರಿಯೆಗಳನ್ನು ಪಟ್ಟಿಮಾಡಿ ಎದುರಿಗೆ ಅರ್ಥ ಬರೆದ ಕೈಪಿಡಿಗಳಲ್ಲಿ ನಮಗೆ ನಂಬಿಕೆಯಿಲ್ಲ. 'ಗಿವ್ ಅಪ್, ಗಿವ್ ಇನ್, ಗಿವ್ ಔಟ್' ಎಂದು ಮಗ್ಗಿಯಂತೆ ಒಪ್ಪಿಸಿದ ಹುಡುಗಿಗೆ ಪರೀಕ್ಷೆಯ ಹೊತ್ತಿಗೆ ಮೂರೂ ಒಂದೇ ಆಗಿರುವುವು. ದಿನಕ್ಕೆ ಒಂದನ್ನು, ಓದುತ್ತಿರುವಾಗ ಎದುರಾದ ವಾಕ್ಯದೊಡನೆಯೇ ಬರೆದುಕೊಂಡು, ಅದರ ಕೆಳಗೆ ತನ್ನ ಮನೆಯ ಅಥವಾ ಊರಿನ ಸಂಗತಿಯೊಂದನ್ನು ಕುರಿತು ಸ್ವಂತ ವಾಕ್ಯವನ್ನು ರಚಿಸಲಿ. 'ಪೋಸ್ಟ್‌ಪೋನ್', 'ಟಾಲರೇಟ್' ಎಂಬ ಘನವಾದ ಶಬ್ದಗಳು ಅರ್ಜಿಗೆ ಸಾಕು. ಆದರೆ ಕೆಲಸದ ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಆಕೆಯ ಕಿವಿಗೆ ಬೀಳುವುದು 'ಪುಟ್ ಆಫ್', 'ಪುಟ್ ಅಪ್ ವಿತ್' ಎಂಬವುಗಳೇ.

ಆ ಶುಕ್ರವಾರದ ಮಾತನ್ನು ಅರ್ಧಕ್ಕೆ ಬಿಟ್ಟೆವು. ಕಾಗದವನ್ನೋದಿ ಮನೆಯವರು ಸ್ತಬ್ಧರಾಗಿ ಕುಳಿತಿದ್ದಾಗ, ದೀಪಹಚ್ಚುವ ಹೊತ್ತಿಗೆ ಇನ್ನೊಂದು ತಂತಿ ಬಂದಿತು. 'ಆಪರೇಟೆಡ್ ಯೆಸ್ಟರ್‌ಡೇ, ಪುಲ್ಡ್ ಥ್ರೂ.' 'ಪುಲ್' ಎಂದರೆ ಎಳೆ ಎಂದು ಬಲ್ಲೆವು. ಏನನ್ನು ಎಳೆದರು, ಯಾವುದರ ಮೂಲಕ ಎಳೆದರು? ಅಮ್ಮನವರು ನಮ್ಮ ಮುಖವನ್ನೇ ನೋಡುತ್ತಿದ್ದರು. ಈ ಸಲ ನಾವು ಅರ್ಥವನ್ನು ಹೇಳಲಿಲ್ಲ. ತಂತಿಯನ್ನು ಹಿಡಿದು ಸ್ಟೇಷನ್ನಿನ ಆಚೆಗಿದ್ದ ನಮ್ಮ ಉಪಾಧ್ಯಾಯಿನಿಯವರ ಮನೆಗೆ ಬರಿಗಾಲಲ್ಲಿ ಓಡಿದೆವು. ಅವರು ಅಂಗಳದ ಬೆಳಕಿಗೆ ಕಾಗದವನ್ನು ಹಿಡಿದು ಓದಿ, 'ಪಾರಾದರು ಎಂದರ್ಥವಮ್ಮಾ, ನಿಮ್ಮ ದೊಡ್ಡಮ್ಮ ಪಾರಾದರು. ಬೇಗ ಹೋಗಿ ಹೇಳು' ಎಂದರು.