ಅರಮನೆ ಪಕ್ಕದ ಫೈವ್ ಸ್ಟಾರ್ ರೂಮ್ 2,499 ರೂಪಾಯಿಗೆ ಸಿಗುತ್ತಾ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಮೈಸೂರು ಅರಮನೆಯಿಂದ ಬರೀ 5 ನಿಮಿಷ. ಫೈವ್ ಸ್ಟಾರ್ ಹೋಟೆಲ್. ಸ್ವಿಮ್ಮಿಂಗ್ ಪೂಲ್, ಬ್ರೇಕ್‌ಫಾಸ್ಟ್ ಫ್ರೀ. ಕೇವಲ 2,499 ರೂ. ಇನ್ನು 3 ರೂಮ್ ಮಾತ್ರ. ಕೂಡಲೇ ಬುಕ್ ಮಾಡಿ, ನಿಮ್ಮವರಿಗೂ ಕಳಿಸಿ."

ರಜೆ ಹತ್ತಿರ ಬಂತೆಂದರೆ ಇಂಥದ್ದೊಂದು ಸಂದೇಶ ಫ್ಯಾಮಿಲಿ ಗ್ರೂಪಿಗೆ ಬಂದೇ ಬರುತ್ತದೆ. ನಮ್ಮ ಗ್ರೂಪಿಗೂ ಬಂದಿತ್ತು. ಹುಬ್ಬಳ್ಳಿಯಲ್ಲಿರುವ ನನ್ನ ಸೋದರತ್ತೆ ಅದನ್ನು ನಂಬಿ ಎರಡು ರೂಮು, ಎರಡು ರಾತ್ರಿಗೆ ಬುಕ್ ಮಾಡಿದರು. ಮೊದಲು ಅರ್ಧ ಅಡ್ವಾನ್ಸ್ ಅಂತ 4,998 ರೂಪಾಯಿ. ಆಮೇಲೆ "ಸಿಸ್ಟಮ್‌ನಲ್ಲಿ ಅರ್ಧ ಹಣ ತಗೊಳ್ತಿಲ್ಲ, ಪೂರ್ತಿ ಹಾಕಿದರೆ ಮಾತ್ರ ಕನ್ಫರ್ಮ್ ಆಗುತ್ತೆ" ಎಂಬ ಫೋನು. ಮತ್ತೆ 4,998. ನನಗೆ ವಿಷಯ ಗೊತ್ತಾದಾಗ ಅವರು ರೈಲಿನಲ್ಲಿದ್ದರು.

"ಅತ್ತೆ, ಹೋಟೆಲಿಗೆ ಒಂದ್ಸಲ ಫೋನ್ ಮಾಡಿ ಕೇಳಿದ್ರಾ?"

"ಮಾಡೀನವಾ. ಅವರ ಎತ್ತಿದ್ರು. ಭಾಳ ಛಲೋ ಮಾತಾಡಿದ್ರು."

ಅವರು ಫೋನ್ ಮಾಡಿದ್ದು ಸಂದೇಶದಲ್ಲೇ ಇದ್ದ ನಂಬರಿಗೆ. ಹೋಟೆಲ್ ಇದ್ದದ್ದು ನಿಜ, ಫೋಟೊಗಳೂ ಅದರದ್ದೇ. ಬುಕಿಂಗ್ ಮಾತ್ರ ಇರಲಿಲ್ಲ. ರಿಸೆಪ್ಷನ್‌ನಲ್ಲಿದ್ದ ಹುಡುಗ "ಹೀಗೆ ಬಂದವರು ನೀವೊಬ್ಬರೇ ಅಲ್ಲ ಮೇಡಂ" ಎಂದನಂತೆ. ಆ ರಾತ್ರಿ ಅವರು ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಉಳಿದರು. ಹಣ ವಾಪಸ್ ಬರಲಿಲ್ಲ.

ಅತ್ತೆ ಬಯಸಿದ್ದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಹೋಟೆಲು, ನೋಡುವ ಜಾಗಗಳಿಗೆ ಹತ್ತಿರ, ಕೈಗೆಟಕುವ ಬೆಲೆ ಈ ಮೂರೂ ಒಟ್ಟಿಗೆ ಸಿಗುತ್ತವೆ. ಆದರೆ ಆ ಬೆಲೆ ಯಾವಾಗ, ಯಾಕೆ ಇಳಿಯುತ್ತದೆ ಎಂಬುದು ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ. ಮೈಸೂರನ್ನೇ ಇಟ್ಟುಕೊಂಡು ನೋಡೋಣ.

ಇನ್‌ಕಾಗ್ನಿಟೋದಲ್ಲಿ ಹುಡುಕಿದರೆ ಕಡಿಮೆ ಬೆಲೆ ತೋರಿಸುತ್ತಾ?

ಇದು ಇನ್ನೊಂದು ಜನಪ್ರಿಯ ಫಾರ್ವರ್ಡ್. "ನೀವು ಎರಡನೇ ಸಲ ನೋಡಿದಾಗ ಆಪ್ ಬೆಲೆ ಏರಿಸುತ್ತೆ, ಅದಕ್ಕೇ ಇನ್‌ಕಾಗ್ನಿಟೋ ಬಳಸಿ, ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿ" ಅಂತ.

ಇದರ ಹಿಂದೆ ಒಂದು ನಿಜ ಸಂಗತಿಯ ಎಳೆ ಇದೆ. 2012ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಆರ್ಬಿಟ್ಜ್ ಎಂಬ ಬುಕಿಂಗ್ ತಾಣ ಆಪಲ್ ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ದುಬಾರಿ ಹೋಟೆಲುಗಳನ್ನು ಮೇಲೆ ತೋರಿಸುತ್ತಿದೆ ಎಂದು ವರದಿ ಮಾಡಿತು. ಗಮನಿಸಿ, ಒಂದೇ ರೂಮಿಗೆ ಎರಡು ಬೆಲೆ ಅಲ್ಲ. ಪಟ್ಟಿಯಲ್ಲಿ ಯಾವುದು ಮೇಲೆ ಬರುತ್ತದೆ ಎಂಬುದಷ್ಟೇ ಬದಲಾಗುತ್ತಿತ್ತು. 2014ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಶಾಪಿಂಗ್ ಮತ್ತು ಹೋಟೆಲ್ ತಾಣಗಳನ್ನು ಪರೀಕ್ಷಿಸಿದರು. ಕೆಲವು ಹೋಟೆಲ್ ತಾಣಗಳಲ್ಲಿ ವ್ಯತ್ಯಾಸ ಸಿಕ್ಕಿತು, ಆದರೆ ಫಾರ್ವರ್ಡ್ ಹೇಳುವುದಕ್ಕೆ ತದ್ವಿರುದ್ಧವಾಗಿ! ಲಾಗಿನ್ ಆದವರಿಗೆ 'ಸದಸ್ಯರ ಬೆಲೆ' ಎಂದು ಕಡಿಮೆ ದರ ಸಿಗುತ್ತಿತ್ತು. ಇನ್ನೊಂದು ತಾಣದಲ್ಲಿ ಮೊಬೈಲಿನಿಂದ ನೋಡಿದವರಿಗೆ ಕಡಿಮೆ ಇತ್ತು.

ಅಂದರೆ ಇನ್‌ಕಾಗ್ನಿಟೋಗೆ ಹೋದರೆ ನಿಮಗೆ ಸಿಗಬೇಕಾದ ರಿಯಾಯಿತಿಯೇ ತಪ್ಪಿಹೋಗಬಹುದು. ಎರಡನೇ ಸಲ ನೋಡಿದಾಗ ಬೆಲೆ ಏರಿದ್ದರೆ, ಅಷ್ಟರಲ್ಲಿ ಕಡಿಮೆ ದರದ ರೂಮುಗಳು ಬುಕ್ ಆಗಿ ಹೋಗಿರುವ ಸಾಧ್ಯತೆ ಹೆಚ್ಚು. ಲಾಗಿನ್ ಆಗಿ ಒಮ್ಮೆ, ಆಗದೆ ಒಮ್ಮೆ ನೋಡಿ. ಎರಡು ನಿಮಿಷದ ಕೆಲಸ. ಮಧ್ಯರಾತ್ರಿ ಎದ್ದು ಕೂರಬೇಕಾಗಿಲ್ಲ.

ಬುಕ್ ಮಾಡುವ ದಿನ ಅಲ್ಲ, ಉಳಿಯುವ ರಾತ್ರಿ

ನನ್ನ ಪ್ರಕಾರ ಹಣ ಉಳಿಯುವುದು ಇಲ್ಲಿಯೇ.

ಹೋಟೆಲ್ ರೂಮು ಹೂವಿನಂಥ ಸರಕು. ಇವತ್ತು ಮಾರಾಟವಾಗದ ರಾತ್ರಿಯನ್ನು ನಾಳೆ ಮಾರಲು ಬರುವುದಿಲ್ಲ. ಹಾಗಾಗಿ ದೊಡ್ಡ ಹೋಟೆಲುಗಳು ಪ್ರತಿ ರಾತ್ರಿಗೂ ಬೇರೆ ಬೇರೆ ಬೆಲೆ ಇಡುತ್ತವೆ. ತುಂಬುವ ಲಕ್ಷಣ ಕಂಡರೆ ಏರಿಸುತ್ತವೆ, ಖಾಲಿ ಉಳಿಯುವ ಹಾಗಿದ್ದರೆ ಇಳಿಸುತ್ತವೆ. ಸಣ್ಣ ಲಾಡ್ಜಿನಲ್ಲಿ ಈ ಏರಿಳಿತ ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ಸರಿಯಾದ ರಾತ್ರಿ ಆರಿಸಿಕೊಂಡರೆ ದೊಡ್ಡ ಹೋಟೆಲಿನಲ್ಲೇ ಉಳಿತಾಯ ಜಾಸ್ತಿ.

ಮೈಸೂರಿಗೆ ಹೆಚ್ಚು ಜನ ಬರುವುದು ನೋಡಲಿಕ್ಕೆ, ಅದರಲ್ಲೂ ಬೆಂಗಳೂರಿನಿಂದ. ಅವರು ಶುಕ್ರವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹೊರಡುತ್ತಾರೆ. ಹಾಗಾಗಿ ಶುಕ್ರವಾರ, ಶನಿವಾರದ ರಾತ್ರಿಗಳು ದುಬಾರಿ. ಭಾನುವಾರ ರಾತ್ರಿಯಿಂದ ಗುರುವಾರದವರೆಗೆ ಅಗ್ಗ. ಈಗ ಒಂದು ಸಂಗತಿ ನೋಡಿ. ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಎಲ್ಲರೂ ಗಂಟುಮೂಟೆ ಕಟ್ಟುವ ಹೊತ್ತಿಗೆ ನೀವು ಭಾನುವಾರ ಮಧ್ಯಾಹ್ನ ಚೆಕ್-ಇನ್ ಮಾಡಿದರೆ ಸಂಜೆ 7ಕ್ಕೆ ದೀಪ ಹತ್ತುವುದನ್ನೂ ನೋಡಬಹುದು, ಅಗ್ಗದ ರಾತ್ರಿಯೂ ಸಿಗುತ್ತದೆ. ಸೋಮವಾರ ಮೃಗಾಲಯಕ್ಕೆ ಹೋಗಿ. ಮಂಗಳವಾರಕ್ಕೆ ಇಟ್ಟುಕೊಳ್ಳಬೇಡಿ, ಅವತ್ತು ಮೃಗಾಲಯಕ್ಕೆ ವಾರದ ರಜೆ.

ಬೆಂಗಳೂರಿನ ಲೆಕ್ಕ ಉಲ್ಟಾ. ಅಲ್ಲಿನ ದೊಡ್ಡ ಹೋಟೆಲುಗಳನ್ನು ತುಂಬಿಸುವವರು ಕಂಪನಿ ಕೆಲಸಕ್ಕೆ ಬರುವವರು. ಅವರು ಸೋಮವಾರದಿಂದ ಗುರುವಾರ ಇರುತ್ತಾರೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಮಕ್ಕಳನ್ನು ಕರೆದುಕೊಂಡು ಕಬ್ಬನ್ ಪಾರ್ಕ್, ವಿಧಾನಸೌಧ, ಲಾಲ್‌ಬಾಗ್ ನೋಡಲು ಹೋಗುವವರು ಎಂ.ಜಿ. ರಸ್ತೆ ಕಡೆಯ ಒಳ್ಳೆಯ ಹೋಟೆಲುಗಳ ಶನಿವಾರದ ದರವನ್ನು ಒಮ್ಮೆ ನೋಡಿ, ಆಮೇಲೆ ಬುಧವಾರದ್ದನ್ನು ನೋಡಿ. ಏರೋ ಇಂಡಿಯಾದಂಥ ದೊಡ್ಡ ಪ್ರದರ್ಶನ ಇರುವ ವಾರ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಮೈಸೂರಿನಲ್ಲಿ ಯಾವ ಲೆಕ್ಕವೂ ನಡೆಯದ ಹೊತ್ತು ದಸರೆ. ಆಗ ಕಡಿಮೆ ಬೆಲೆಗೆ ಅರಮನೆ ಪಕ್ಕದ ಐಷಾರಾಮಿ ರೂಮು ಎಂದು ಯಾರಾದರೂ ಹೇಳಿದರೆ ಅನುಮಾನಿಸಲು ಅಷ್ಟೇ ಸಾಕು.

'ಅರಮನೆಗೆ ಹತ್ತಿರ' ಅಂದರೆ ಎಷ್ಟು ಹತ್ತಿರ?

ಆಪ್‌ಗಳಲ್ಲಿ ಬರೆದಿರುವ ದೂರ ಎಷ್ಟೋ ಸಲ ಹಕ್ಕಿ ಹಾರುವ ದೂರ. ಚಾಮುಂಡಿ ಬೆಟ್ಟವನ್ನೇ ತೆಗೆದುಕೊಳ್ಳಿ. ಅರಮನೆಯಿಂದ ನೇರ ಗೆರೆ ಎಳೆದರೆ ನಾಲ್ಕು ಕಿಲೋಮೀಟರ್ ಆಸುಪಾಸು, ರಸ್ತೆಯಲ್ಲಿ ಹೋದರೆ ಹನ್ನೆರಡು-ಹದಿಮೂರು. ಬೆಟ್ಟದ ಬುಡದಲ್ಲಿರುವ ಹೋಟೆಲ್ 'ಚಾಮುಂಡೇಶ್ವರಿ ದೇವಸ್ಥಾನಕ್ಕೆ 2 ಕಿ.ಮೀ.' ಎಂದು ತೋರಿಸಿಕೊಂಡರೆ ಅದು ಸುಳ್ಳಲ್ಲ, ಆದರೆ ನೀವು ಸಾವಿರ ಮೆಟ್ಟಿಲು ಹತ್ತಲು ತಯಾರಿರಬೇಕು. ಅರಮನೆಯದ್ದೂ ಅಷ್ಟೆ. ಪ್ರವಾಸಿಗರ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಉತ್ತರ ದಿಕ್ಕಿನ ಹೋಟೆಲಿನ ಕಿಟಕಿಯಿಂದ ಅರಮನೆ ಕಂಡರೂ ಕೋಟೆ ಗೋಡೆ ಸುತ್ತಿಕೊಂಡೇ ಹೋಗಬೇಕು. ಹಾಗಾಗಿ ಮ್ಯಾಪಿನಲ್ಲಿ ಹೋಟೆಲಿನಿಂದ ವರಾಹ ದ್ವಾರಕ್ಕೆ 'ನಡಿಗೆ' ಎಂದು ಹಾಕಿ ನಿಮಿಷ ನೋಡಿ.

ಇನ್ನೊಂದು ಪ್ರಶ್ನೆ, ಯಾವುದಕ್ಕೆ ಹತ್ತಿರ ಬೇಕು? ಅರಮನೆ, ದೇವರಾಜ ಮಾರುಕಟ್ಟೆ, ಮೃಗಾಲಯ ಎಲ್ಲವೂ ಎರಡು ಕಿಲೋಮೀಟರ್ ಆಸುಪಾಸಿನಲ್ಲಿವೆ. ಬೃಂದಾವನ ಉದ್ಯಾನ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ. ಅದಕ್ಕೆ ಎಲ್ಲಿದ್ದರೂ ಗಾಡಿ ಬೇಕು. ವೈಸ್‌ರಾಯ್ ವಾಸ್ತವ್ಯಕ್ಕೆಂದು 1921ರಲ್ಲಿ ಕಟ್ಟಿದ ಲಲಿತ ಮಹಲ್ ಊರಿನ ಗದ್ದಲದಿಂದ ಆಚೆ, ಅರಮನೆಯಿಂದ ಐದು ಕಿಲೋಮೀಟರ್ ಆಸುಪಾಸಿನಲ್ಲಿದೆ. ಅಂಥಲ್ಲಿ ಉಳಿಯುವುದಾದರೆ ಹೋಟೆಲೇ ಒಂದು ನೋಡುವ ಜಾಗ, ದಿನಕ್ಕೆ ನಾಲ್ಕು ಸಲ ಊರಿಗೆ ಓಡಾಡುವವರಿಗಲ್ಲ. ಸ್ವಲ್ಪ ದೂರದ ಹೋಟೆಲ್ ಅಗ್ಗ ಅನ್ನಿಸಿದರೆ ಆಟೊ ಖರ್ಚನ್ನು ಕೂಡಿಸಿ ನೋಡಿ. ವಯಸ್ಸಾದವರು ಮಧ್ಯಾಹ್ನ ಬಂದು ಒಂದು ಗಂಟೆ ಮಲಗಬೇಕು ಎನ್ನುವವರಾದರೆ ಹತ್ತಿರದ ರೂಮಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಜಂಬೂ ಸವಾರಿಯ ದಿನ ಮಾತ್ರ ಹತ್ತಿರ ಇರುವುದೇ ಪಜೀತಿ. ಮೆರವಣಿಗೆ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ. ಸುತ್ತಲಿನ ರಸ್ತೆಗಳು ಬಂದ್. ಲಗೇಜು ಹೊತ್ತು ನಡೆಯಬೇಕಾದೀತು.

ಆ ನಕ್ಷತ್ರ ಕೊಟ್ಟವರು ಯಾರು?

ಭಾರತದಲ್ಲಿ ಹೋಟೆಲಿಗೆ ಅಧಿಕೃತವಾಗಿ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು ಕಡ್ಡಾಯವಲ್ಲ, ಹೋಟೆಲಿನವರೇ ಅರ್ಜಿ ಹಾಕಬೇಕು. ಹೀಗಾಗಿ ಸ್ಟಾರ್ ಇಲ್ಲದ ಒಳ್ಳೆಯ ಹೋಟೆಲೂ ಇರುತ್ತದೆ. ಆದರೆ ಆಪ್‌ನಲ್ಲಿ ಕಾಣುವ ಸ್ಟಾರ್ ಬಹಳ ಸಲ ಆಪ್‌ನವರೋ ಹೋಟೆಲಿನವರೋ ಹಾಕಿಕೊಂಡದ್ದು. ಅದರ ಪಕ್ಕದ '4.3' ಮೂರನೆಯದೇ ಸಂಗತಿ, ಅದು ಉಳಿದುಕೊಂಡವರು ಕೊಟ್ಟ ಅಂಕ. 1,200 ರೂಪಾಯಿಯ ಲಾಡ್ಜಿಗೆ 4.4, 8,000 ರೂಪಾಯಿಯ ಹೋಟೆಲಿಗೆ 4.1 ಇರಬಹುದು, ಕೊಟ್ಟ ದುಡ್ಡಿಗೆ ತಕ್ಕ ನಿರೀಕ್ಷೆ ಅಷ್ಟೆ. ನಾನು ಓದುವುದು ಇತ್ತೀಚಿನ ಮೂರು ಸ್ಟಾರ್ ರಿವ್ಯೂಗಳನ್ನು. ಹೊಗಳುವವರು, ಬೈಯುವವರು ಇಬ್ಬರೂ ಬಿಟ್ಟ ವಿಷಯ ಅಲ್ಲಿರುತ್ತದೆ: ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಪಕ್ಕದಲ್ಲೇ ಕಲ್ಯಾಣ ಮಂಟಪ ಇದೆಯೇ, ಹೀಗೆ.

7,500 ರೂಪಾಯಿಯ ಗೆರೆ

ಇದನ್ನು ತಿಳಿದುಕೊಂಡರೆ ಬಿಲ್ ನೋಡಿ ಬೆಚ್ಚಿಬೀಳುವುದು ತಪ್ಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದಕ್ಕಿಂತ ಒಂದು ರೂಪಾಯಿ ಮೇಲಾದರೂ ಪೂರ್ತಿ ಮೊತ್ತದ ಮೇಲೆ ಶೇ 18. 7,400ರ ರೂಮಿಗೆ ತೆರಿಗೆ ಸೇರಿ 7,770 ರೂಪಾಯಿ. 7,600ರ ರೂಮಿಗೆ 8,968 ರೂಪಾಯಿ. ಬೋರ್ಡಿನಲ್ಲಿ ವ್ಯತ್ಯಾಸ 200, ಜೇಬಿನಲ್ಲಿ 1,198.

ತೆರಿಗೆ ಲೆಕ್ಕ ಆಗುವುದು ನಿಮ್ಮಿಂದ ನಿಜವಾಗಿ ತೆಗೆದುಕೊಳ್ಳುವ ದರದ ಮೇಲೆ. ಹೀಗಾಗಿ 7,800ರ ರೂಮನ್ನು ಹೋಟೆಲಿನವರು ನೇರವಾಗಿ 7,500ಕ್ಕೆ ಕೊಟ್ಟರೆ ತೆರಿಗೆಯೂ ಇಳಿಯುತ್ತದೆ. ಕೇಳಲು ಸಂಕೋಚ ಬೇಡ. ಆಪ್ ಮೂಲಕ ಹೋದರೆ ಹೋಟೆಲಿನವರು ಕಮಿಷನ್ ಕೊಡಬೇಕು. ನೇರವಾಗಿ ಬಂದವರಿಗೆ ಅದರಲ್ಲಿ ಸ್ವಲ್ಪ ಬಿಟ್ಟುಕೊಡಲು ಅಥವಾ ತಿಂಡಿ ಸೇರಿಸಲು ಅವರಿಗೂ ಕಾರಣವಿದೆ. ತಿಂಡಿ ಬೇಡವಾದರೆ 'ರೂಮ್ ಓನ್ಲಿ' ದರ ಕೇಳಿ. ನಜರ್‌ಬಾದಿನಲ್ಲಿ ಮೈಲಾರಿ ದೋಸೆ ಸಿಗುವ ಊರಿನಲ್ಲಿ ಹೋಟೆಲ್ ಬಫೆಗೆ ದುಡ್ಡು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ರೆಸ್ಟೋರೆಂಟ್ ಬಿಲ್ಲಿಗೆ 'ಸರ್ವಿಸ್ ಚಾರ್ಜ್' ಎಂದು ತಾವಾಗಿ ಸೇರಿಸಿದರೆ ತೆಗೆಯಲು ಹೇಳಿ. ಹಾಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 'ಇನ್ನು ಒಂದೇ ರೂಮ್ ಬಾಕಿ' ಎಂಬ ಸುಳ್ಳು ಅವಸರ, ಕೊನೆಯ ಪುಟದಲ್ಲಿ ದಿಢೀರನೆ ಸೇರುವ ಶುಲ್ಕ ಇವನ್ನೂ ಇದೇ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಹಣ ಹಾಕುವ ಮುನ್ನ

ಪ್ರವಾಸಿಗರನ್ನು, ಯಾತ್ರಿಕರನ್ನು ಗುರಿ ಮಾಡಿದ ನಕಲಿ ಬುಕಿಂಗ್ ತಾಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅದು ಹೇಳಿದ ವಿಧಾನ ನಮ್ಮ ಅತ್ತೆಯ ಕಥೆಯೇ: ನಿಜವಾದ ಹೋಟೆಲಿನ ಫೋಟೊ, ನಕಲಿ ಪುಟ, ವಾಟ್ಸಾಪ್ ನಂಬರ್.

ಸಂದೇಶದಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿದರೆ ಅದು ವಿಚಾರಣೆಯೇ ಅಲ್ಲ, ಕಳ್ಳನನ್ನೇ ಕಳ್ಳನಾ ಎಂದು ಕೇಳಿದ ಹಾಗೆ. ಹೋಟೆಲಿನ ಸ್ವಂತ ವೆಬ್‌ಸೈಟಿನ ನಂಬರ್ ಹುಡುಕಿ, ಹುಡುಕುವಾಗ ಮೇಲೆ ಬರುವ ಜಾಹೀರಾತನ್ನು ಬಿಟ್ಟುಬಿಡಿ. ಆ ನಂಬರನ್ನು ಯಾವುದಾದರೂ ದೊಡ್ಡ ಬುಕಿಂಗ್ ಆಪ್‌ನ ವಿಳಾಸದ ಜೊತೆ ತಾಳೆ ನೋಡಿ. ಯುಪಿಐನಲ್ಲಿ ಹಣ ಕಳಿಸುವ ಮುನ್ನ ತೆರೆಯ ಮೇಲೆ ಬ್ಯಾಂಕಿನಲ್ಲಿ ದಾಖಲಾದ ಹೆಸರು ಬರುತ್ತದೆ. ಹೋಟೆಲಿನ ಅಥವಾ ಕಂಪನಿಯ ಹೆಸರಿನ ಬದಲು ಯಾರೋ ಒಬ್ಬರ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಅತ್ತೆಯ ಫೋನಿನಲ್ಲೂ ಹಾಗೊಂದು ಹೆಸರು ಬಂದಿತ್ತು, "ಮ್ಯಾನೇಜರ್ ಇರಬೇಕು" ಅಂದುಕೊಂಡರಂತೆ. 'ಹಣ ವಾಪಸ್ ಕೊಡ್ತೀವಿ, ಪಿನ್ ಹಾಕಿ' ಎಂದರೆ ಹಾಕಲೇಬೇಡಿ. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕಳಿಸಲಿಕ್ಕೆ ಮಾತ್ರ ಬೇಕು.

ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಹಣ ಇನ್ನೂ ಕಳ್ಳರ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಾಧ್ಯ. ನಾವು ಕರೆ ಮಾಡಿದ್ದು ಒಂದೂವರೆ ದಿನದ ಮೇಲೆ, ಅಷ್ಟರಲ್ಲಿ ಖಾತೆ ಖಾಲಿಯಾಗಿತ್ತು. ಅತ್ತೆ ತಡ ಮಾಡಿದ್ದು ನಂಬರ್ ಗೊತ್ತಿಲ್ಲದೆ ಅಲ್ಲ, ಮನೆಯಲ್ಲಿ ಬೈಯುತ್ತಾರೆಂದು. ಆ ಸಂದೇಶವನ್ನು ಗ್ರೂಪಿಗೆ ಹಾಕಿದ್ದ ನಮ್ಮ ಚಿಕ್ಕಪ್ಪ ಈವರೆಗೂ ಅದನ್ನು ಅಳಿಸಿಲ್ಲ. ಮೊನ್ನೆ ನೋಡಿದೆ, ಅದರ ಕೆಳಗೆ ಇನ್ಯಾರೋ "ದಸರಾಕ್ಕೂ ಇದೇ ರೇಟಾ?" ಎಂದು ಕೇಳಿದ್ದಾರೆ.