351 ರೂಪಾಯಿಗೆ ಬೆಳಕಿನಲ್ಲಿ ಸಾಗುವ ದನಿ

ವೈರ್ ಇಲ್ಲದೆ ಹಾಡು ಕೇಳಿಸುವ ಪ್ರಾಜೆಕ್ಟ್ ಎಂದೊಡನೆ ವಿದ್ಯಾರ್ಥಿಗಳು ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ ಕೈ ಹಾಕುತ್ತಾರೆ. 88ರಿಂದ 108 ಮೆಗಾಹರ್ಟ್ಸ್‌ ನಡುವೆ ಅನುಮತಿ ಇಲ್ಲದೆ ಪ್ರಸಾರ ಮಾಡುವುದು ನಮ್ಮಲ್ಲಿ ಕಾನೂನುಬಾಹಿರ. ಬೆಳಕಿಗೆ ಆ ತೊಡಕಿಲ್ಲ. 1880ರಲ್ಲೇ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಟೇಂಟರ್ ವಾಷಿಂಗ್ಟನ್‌ನಲ್ಲಿ ಬಿಸಿಲಿನ ಕಿರಣದ ಮೇಲೆ ಮಾತನ್ನು 213 ಮೀಟರ್ ದಾಟಿಸಿದ್ದರು. ಕ್ಲಾಸ್‌ರೂಮಿನ ಮೇಜಿನ ಮೇಲೆ ಅದನ್ನೇ ಮಾಡಲು ಒಂದು ಎಲ್‌ಇಡಿ, ಒಂದು ಪುಟ್ಟ ಸೋಲಾರ್ ಪ್ಯಾನೆಲ್ ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯ ಚಿಲ್ಲರೆ ದರವನ್ನು ಅಂದಾಜಿಗೆ ಹಿಡಿದಿದ್ದೇನೆ. ಅಂಗಡಿಯಿಂದ ಅಂಗಡಿಗೆ ಐದು ಹತ್ತು ರೂಪಾಯಿ ಆಚೀಚೆ ಆಗುತ್ತದೆ. ಕಳಿಸುವ ಕಡೆಗೆ ಕೆಂಪು ಎಲ್‌ಇಡಿ 3, ಬಿಸಿ547 ಟ್ರಾನ್ಸಿಸ್ಟರ್ 3, ಮೂರು ರೆಸಿಸ್ಟರ್ 3, ಕೆಪಾಸಿಟರ್ 2, ಫೋನಿಗೆ ಸಿಕ್ಕಿಸಲು ಪಿನ್ ಇರುವ ವೈರ್ 30, 9 ವೋಲ್ಟ್ ಬ್ಯಾಟರಿ ಮತ್ತು ಕ್ಲಿಪ್ 35, ಬೋರ್ಡ್ 20: ಒಟ್ಟು 96 ರೂಪಾಯಿ. ಕೇಳಿಸುವ ಕಡೆಗೆ ಸೋಲಾರ್ ಪ್ಯಾನೆಲ್ 100, ಸ್ಪೀಕರ್ 50, ದನಿ ಹೆಚ್ಚಿಸುವ ಎಲ್‌ಎಂ386 ಐಸಿ 20, ಅದರ ಬೇಸ್ 3, ವಾಲ್ಯೂಮ್ ಕಂಟ್ರೋಲ್ 15, ಕೆಪಾಸಿಟರ್, ರೆಸಿಸ್ಟರ್ ಸೇರಿ 12, ಬ್ಯಾಟರಿ, ಕ್ಲಿಪ್, ಬೋರ್ಡ್ 55: ಒಟ್ಟು 255. ನಿಜವಾದ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ಎಲ್‌ಇಡಿ, ಟ್ರಾನ್ಸಿಸ್ಟರ್, ಐಸಿ ಮೂರಕ್ಕೂ ಸೇರಿ ಬರೀ 26 ರೂಪಾಯಿ! ಹಾಗಾಗಿ ಚೌಕಾಸಿಯನ್ನು ಅಲ್ಲಿ ಮಾಡಿ ಪ್ರಯೋಜನವಿಲ್ಲ, ಎರಡೆರಡು ತಂದಿಟ್ಟುಕೊಳ್ಳಿ.

ಟ್ರಾನ್ಸಿಸ್ಟರ್‌ನ ಎಮಿಟರ್‌ಗೆ 100 ಓಮ್ ಹಾಕಿ, ಅಲ್ಲಿ 1.5 ವೋಲ್ಟ್ ನಿಲ್ಲಿಸಿದರೆ ಎಲ್‌ಇಡಿಯಲ್ಲಿ ಸದಾ 15 ಮಿಲಿಆಂಪಿಯರ್ ಹರಿಯುತ್ತದೆ. ಫೋನಿನಿಂದ ಬರುವ ಅರ್ಧ ವೋಲ್ಟಿನ ಏರಿಳಿತ ಅದನ್ನು 10 ಮತ್ತು 20ರ ನಡುವೆ ಆಡಿಸುತ್ತದೆ. ಕಣ್ಣಿಗೆ ಬೆಳಕು ಅಲುಗಿದಂತೆಯೇ ಕಾಣದು. ಸೋಲಾರ್ ಪ್ಯಾನೆಲ್‌ಗೆ ಅದೇ ಹಾಡು.

ಸ್ಪೀಕರ್‌ಗೆ ಸೇರುವ ಕೆಪಾಸಿಟರ್ 220 ಮೈಕ್ರೋಫ್ಯಾರಡ್ ಇರಲೇಬೇಕು. 8 ಓಮ್ ಸ್ಪೀಕರ್ ಜೊತೆ ಅದು ಸುಮಾರು 90 ಹರ್ಟ್ಸ್‌ವರೆಗಿನ ತಗ್ಗು ದನಿಯನ್ನೂ ಬಿಡುತ್ತದೆ. ಕೈಗೆ ಸಿಕ್ಕಿತೆಂದು 10 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 2,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ, ಅಂದರೆ ಮಾತಿನ ಬಹುಪಾಲು.

ಖರ್ಚು ಹೆಚ್ಚಿಸುವುದಾದರೆ ಕೇಳಿಸುವ ಕಡೆಯ ಬ್ಯಾಟರಿಗೆ ಹೆಚ್ಚಿಸಿ. 9 ವೋಲ್ಟ್ ಬದಲು ನಾಲ್ಕು ಪೆನ್‌ಸೆಲ್, ಹೋಲ್ಡರ್ ಸೇರಿ 80 ರೂಪಾಯಿ. 45 ಹೆಚ್ಚಾಗಿ ಒಟ್ಟು 396 ಆದೀತು, ಆದರೆ ಪ್ರದರ್ಶನದ ದಿನವಿಡೀ ನಿಶ್ಚಿಂತೆ. 6 ವೋಲ್ಟ್‌ನಲ್ಲೂ ಎಲ್‌ಎಂ386 ಸುಮಾರು 325 ಮಿಲಿವ್ಯಾಟ್ ಕೊಡುತ್ತದೆ, ಒಂದು ಕೋಣೆಗೆ ಧಾರಾಳ.

ಟ್ಯೂಬ್‌ಲೈಟಿನಿಂದ ಬರುವ 100 ಹರ್ಟ್ಸ್ ಗುಂಯ್ ಸದ್ದನ್ನು ತಗ್ಗಿಸಲು ಪ್ಯಾನೆಲ್ ಮುಂದೆ ಕಪ್ಪು ರಟ್ಟಿನ ಕೊಳವೆ ಕೂರಿಸಿ. ಅದಕ್ಕೆ ಖರ್ಚೇ ಇಲ್ಲ.